ಮಳೆಗಾಲಕ್ಕೆ ಬಿಚ್ಚಿಡುವ ಚಪ್ಪರ

ಹೋದ ವರ್ಷ ದೀಪಾವಳಿಗೆ ತವರಿಗೆ ಹೋದವಳು ಸಂಜೆ ಕಡಲ ದಂಡೆಗೆ ಇಳಿದರೆ, ದಂಡೆಯ ತುದಿಯಲ್ಲಿ ಯಾವುದೋ ರೆಸಾರ್ಟಿನ ಹೊಸ ಬೋರ್ಡೊಂದು ನಿಂತಿತ್ತು. ನುಣ್ಣಗೆ ಪಾಲಿಶ್ ಮಾಡಿದ ಹಲಗೆಯ ಮೇಲೆ ಕೊರೆದ ಅಕ್ಷರ: ‘ಗಾಳಿಯೊಂದಿಗೆ ಚಲಿಸುವ ಸುಸ್ಥಿರ ವಾಸ್ತುಶಿಲ್ಪ.’ ಅದರ ಹಿಂದೆ ಪುಟ್ಟ ಪುಟ್ಟ ಗುಡಿಸಲುಗಳು. ಗಾಳಿಮರದ ಕಂಬ, ಬಿದಿರಿನ ಅಡ್ಡೆ, ಹೆಣೆದ ತೆಂಗಿನ ಮಡಲಿನ ಮಾಡು. ಗಾಳಿ ಬೀಸಿದಾಗಲೆಲ್ಲ ಮಾಡು ತುಸು ಎದ್ದು ಮತ್ತೆ ಕೂರುತ್ತಿತ್ತು. ಎದುರಿಗೆ ಬೆತ್ತದ ಕುರ್ಚಿಯಲ್ಲಿ ಕೂತ ಗಂಡಹೆಂಡತಿ ಅದನ್ನು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದರು. ನಾನು ಕಾರವಾರದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಬೋರ್ಡನ್ನು ಎರಡೆರಡು ಸಲ ಓದಿದೆ. ಒಂದು ಕಾಗುಣಿತದ ತಪ್ಪೂ ಇರಲಿಲ್ಲ. ಇದ್ದಿದ್ದರೆ ಅದನ್ನಾದರೂ ಬೈದು ಮನೆಗೆ ಹೋಗುತ್ತಿದ್ದೆ.

ಯಾಕೆಂದರೆ ಆ ಬೋರ್ಡಿನಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ, ಅದೇ ಮರಳು ಹೊಯ್ಗೆಯ ಮೇಲೆ, ನನ್ನ ಅಮ್ಮನ, ಅಂದರೆ ಆಯಿಯ, ಒಣಮೀನಿನ ಚಪ್ಪರ ಇತ್ತು. ಮದುವೆಯಾಗಿ ಅಂಕೋಲೆ ಸೀಮೆಯ ಈ ಊರಿಗೆ ಬಂದಾಗಿನಿಂದ ಆಯಿ ಮೀನು ಒಣಗಿಸಿದ್ದು ಅಲ್ಲೇ. ಅದಕ್ಕೂ ಅದೇ ಗಾಳಿಮರ, ಅದೇ ಬಿದಿರು, ಅದೇ ಮಡಲು. ಗಾಳಿ ಬಂದರೆ ಅದೂ ಅಲ್ಲಾಡುತ್ತಿತ್ತು. ಆದರೆ ಅದನ್ನು ಯಾರೂ ವಾಸ್ತುಶಿಲ್ಪ ಅನ್ನಲಿಲ್ಲ. ಸರ್ಕಾರಿ ಕನ್ನಡದಲ್ಲಿ ಅದರ ಹೆಸರು ಒತ್ತುವರಿ. ಆ ದೀಪಾವಳಿಯ ಹೊತ್ತಿಗೆ ಅದು ದಂಡೆಯ ಮೇಲೆ ಇರಲೂ ಇಲ್ಲ. ಆಯಿಯನ್ನು ಅಲ್ಲಿಂದ ಎಬ್ಬಿಸಿಯಾಗಿತ್ತು. ಎಬ್ಬಿಸಿದ ರೀತಿ ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಚಪ್ಪರ ಹೇಗಿತ್ತು ಅಂತ ಹೇಳದಿದ್ದರೆ ನನ್ನ ಸಿಟ್ಟು ಯಾರಿಗೂ ತಿಳಿಯಲಿಕ್ಕಿಲ್ಲ. ಕಂಬಗಳನ್ನು ಹೊಯ್ಗೆಯಲ್ಲಿ ಆಳಕ್ಕೆ ಹುಗಿಯುತ್ತಿದ್ದರು, ಬುಡಕ್ಕೆ ಕಲ್ಲೂ ಇಲ್ಲ, ಸಿಮೆಂಟೂ ಇಲ್ಲ. ಎಲ್ಲೂ ಒಂದು ಮೊಳೆ ಹೊಡೆಯುತ್ತಿರಲಿಲ್ಲ. ಎಲ್ಲ ಕತ್ತದ ಹಗ್ಗದ ಗಂಟು. ತೆಂಗಿನ ನಾರಿನ ಹಗ್ಗ ಮಂಜಿಗೆ ಬಿಗಿದುಕೊಳ್ಳುತ್ತದೆ, ಬಿಸಿಲಿಗೆ ಸಡಿಲವಾಗುತ್ತದೆ. ಪಕ್ಕದ ತಟ್ಟಿಗಳನ್ನು ಮೇಲುಗಡೆ ಮಾತ್ರ ಕಟ್ಟಿ ಕೆಳಗೆ ಹಾಗೇ ಬಿಡುತ್ತಿದ್ದರು. ಗಾಳಿ ಬಂದರೆ ಅವು ಒಳಗೆ ಬಾಗಿ ಗಾಳಿಯನ್ನು ಬಿಟ್ಟುಕೊಡುತ್ತಿದ್ದವು, ಆಮೇಲೆ ತಮ್ಮಷ್ಟಕ್ಕೆ ಸರಿಯಾಗುತ್ತಿದ್ದವು. ನಾನು ಚಿಕ್ಕವಳಿದ್ದಾಗ ಶಾಲೆ ಬಿಟ್ಟು ಬಂದು ಅಲ್ಲೇ ಮಗ್ಗಿ ಬರೆಯುತ್ತಿದ್ದೆ. ತಲೆಯ ಮೇಲೆ ಮಾಡು ಎದ್ದು ಕೂತಾಗ ಪುಸ್ತಕದ ಮೇಲೆ ಬೆಳಕು ಬಂದು ಹೋಗುತ್ತಿತ್ತು. ಒಣಗುತ್ತಿರುವ ತಾರ್ಲೆ ಮೀನಿನ ವಾಸನೆಯಲ್ಲಿ ನಾನು ಕಲಿತ ಮಗ್ಗಿ ಇವತ್ತಿಗೂ ಮರೆತಿಲ್ಲ.

ನಾಲ್ಕು ಮೂಲೆಗಳಲ್ಲಿ ಮೂರಕ್ಕೆ ಪ್ರತಿ ವರ್ಷ ಹೊಸ ಹಗ್ಗ. ನೈರುತ್ಯದ ಮೂಲೆಗೆ, ಅಂದರೆ ದೊಡ್ಡ ಗಾಳಿ ಬರುವ ಮೂಲೆಗೆ, ಬೇಕಂತಲೇ ಹಿಂದಿನ ವರ್ಷದ ಹಳೇ ಹಗ್ಗ. ನಾನು ಒಮ್ಮೆ ಆಯಿಯನ್ನು ಕೇಳಿದ್ದೆ, ಜೋರು ಗಾಳಿ ಬರುವ ಕಡೆಗೇ ಯಾಕೆ ಹಳೇ ಹಗ್ಗ ಕಟ್ಟುತ್ತೀ ಅಂತ.

“ಗಾಳಿಗೂ ಒಂದು ಬಾಗ್ಲು ಬ್ಯಾಡ್ವನೇ?” ಅಂದಿದ್ದಳು ಆಯಿ. “ಬಾಗ್ಲು ಇಲ್ದಿದ್ರೆ ಅದು ಮನೇನೇ ಹೊತ್ಕಂಡು ಹೋತದೆ.”

ಹಾಗೇ ಆಗುತ್ತಿತ್ತು. ಅಕಾಲದಲ್ಲಿ ಗಾಳಿ ಎದ್ದರೆ ಆ ಹಳೇ ಹಗ್ಗ ಮೊದಲು ಹರಿಯುತ್ತಿತ್ತು. ಮಾಡು ಪೆಟ್ಟಿಗೆಯ ಮುಚ್ಚಳದ ಹಾಗೆ ಒಂದು ಕಡೆಯಿಂದ ತೆರೆದು, ಉಳಿದ ಮೂಲೆಗಳ ಹಗ್ಗದ ಆಸರೆಯಲ್ಲಿ ಆಚೆ ಬದಿಗೆ ಒರಗುತ್ತಿತ್ತು. ಮರುದಿನ ನಾಲ್ಕು ಹೆಂಗಸರು ಸೇರಿ ಅದನ್ನು ಎತ್ತಿ ಕೂರಿಸಿ, ಮತ್ತೊಂದು ಹಳೇ ಹಗ್ಗ ಬಿಗಿದು, ಮೀನು ಹರಡುತ್ತಿದ್ದರು. ಇದಕ್ಕೆ ಯಾರೂ ಬೋರ್ಡು ಹಾಕಲಿಲ್ಲ.

ಇನ್ನೊಂದು ಪದ್ಧತಿಯಿತ್ತು. ಗಲಾಟೆ ಹುಟ್ಟಿದ್ದೇ ಅದರಿಂದ. ಪಡುವಣದಲ್ಲಿ ಮೋಡ ಕಪ್ಪಿಟ್ಟು, ಗಂಡಸರು ದೋಣಿಗಳನ್ನು ದಂಡೆಯ ಮೇಲಕ್ಕೆ ಎಳೆದ ದಿನವೇ ಹೆಂಗಸರು ಚಪ್ಪರ ಬಿಚ್ಚುತ್ತಿದ್ದರು. ದೋಣಿ ಮೇಲೆ ಬಂತೆಂದರೆ ಚಪ್ಪರವೂ ಮೇಲೆ ಬರಬೇಕು. ಕಂಬಗಳು ಮನೆಯ ಇಳಿಮಾಡಿನ ಕೆಳಗೆ ಮಲಗುತ್ತಿದ್ದವು. ಹಗ್ಗ ಸುರುಳಿಯಾಗಿ ಗೂಟಕ್ಕೆ ನೇತುಬೀಳುತ್ತಿತ್ತು. ಹಳೆಯ ಮಡಲು ಬಚ್ಚಲ ಒಲೆಗೆ ಹೋಗುತ್ತಿತ್ತು. ಮಳೆಯ ಜೋರು ಇಳಿಯುವವರೆಗೂ ದಂಡೆಯ ಮೇಲೆ ಬರೀ ಹೊಯ್ಗೆ. ಶ್ರಾವಣದ ನಾರಳ ಹುಣ್ಣಿಮೆಯ ದಿನ ಸಮುದ್ರಕ್ಕೆ ತೆಂಗಿನಕಾಯಿ ಕೊಟ್ಟ ಮೇಲೆ ದೋಣಿ ಇಳಿಯುತ್ತಿತ್ತು, ಚಪ್ಪರ ಏಳುತ್ತಿತ್ತು.

ಮಳೆಗಾಲದಲ್ಲಿ ಅಲೆ ಬಂದು ದಂಡೆಯ ಆಕಾರವನ್ನೇ ಬದಲಿಸಿಬಿಡುತ್ತದೆ. ಹೊಂಡ ದಿಬ್ಬವಾಗಿರುತ್ತದೆ, ದಿಬ್ಬ ಹೊಂಡವಾಗಿರುತ್ತದೆ. ಆದರೂ ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕಂಬ ಹುಗಿದದ್ದು ನಾನು ಕಂಡಿಲ್ಲ. ಸಮುದ್ರದ ನಡುವೆ ಬಲೆ ಬಿಡುವ ಜಾಗವನ್ನು ಗಂಡಸರು ಹೇಗೆ ಗುರುತು ಹಿಡಿಯುತ್ತಾರೋ ಹೆಂಗಸರು ಇಲ್ಲಿ ಹಾಗೇ ಹಿಡಿಯುತ್ತಾರೆ. ದಂಡೆಯ ಮೇಲಿನ ಒಂದು ತೆಂಗಿನ ಮರವನ್ನು ಹಿಂದಿನ ಗುಡ್ಡದ ಒಂದು ಬಂಡೆಗೆ ನೇರ ಮಾಡಬೇಕು. ಆಚೆಗೆ ಬಾವಿಯ ರಾಟೆಯ ಕಂಬವನ್ನು ಇನ್ನೊಂದು ಮರಕ್ಕೆ ನೇರ ಮಾಡಬೇಕು. ಎರಡೂ ನೇರ ಕೂಡಿದಲ್ಲಿ ನಿಂತರೆ ಅದು ನಮ್ಮ ಮೂಲೆ. ಅತ್ತೆಯಿಂದ ಸೊಸೆಗೆ ಹೀಗೇ ಆ ಜಾಗ ಬಂದಿದೆ.

ಹೋದ ವರ್ಷದ ಏಪ್ರಿಲ್. ಪರೀಕ್ಷೆ, ಪೇಪರು ತಿದ್ದುವುದು ಎಲ್ಲ ಮುಗಿದು ನಾನು ಆಯಿಯ ಹತ್ತಿರ ಇದ್ದೆ. ಒಂದು ಬೆಳಿಗ್ಗೆ ಜೀಪು ಬಂತು. ಇಳಿದ ಅಧಿಕಾರಿ ಬಹಳ ಮರ್ಯಾದಸ್ಥ. ಚಪ್ಪಲಿ ಕೈಯಲ್ಲಿ ಹಿಡಿದು ಹೊಯ್ಗೆಯಲ್ಲಿ ನಡೆದು ಬಂದರು. ಆಯಿ ಕೊಟ್ಟ ಮಣೆಯ ಮೇಲೆ ಕೂತರು. ಒಣಗಿದ ಶೆಟ್ಲಿಯನ್ನು, ಅಂದರೆ ಸಿಗಡಿಯನ್ನು, ಮೂಸಿ ನೋಡಿ ಚೆನ್ನಾಗಿದೆ ಅಂದರು. ದಡ್ಡರ ಮೇಲೆ, ಒರಟರ ಮೇಲೆ ಸಿಟ್ಟು ಮಾಡುವುದು ಸುಲಭ. ಈ ಮರ್ಯಾದಸ್ಥರ ಮೇಲೆ ಸಿಟ್ಟು ಮಾಡಲು ಹೋದರೆ ನಾವೇ ಒರಟರಾಗಿ ಕಾಣುತ್ತೇವೆ.

“ದಂಡೆ ಅಭಿವೃದ್ಧಿ ಕೆಲಸ ಬರ್ತಾ ಇದೆ, ಅಮ್ಮಾ,” ಅಂದರು ಅವರು. “ಕಲ್ಲುಹಾಸು, ದೀಪ, ಬೆಂಚು. ನೀವು ಹೆದರಬೇಡಿ. ಯಾರ ಜಾಗ ಇಲ್ಲಿದೆಯೋ ಅವರಿಗೆ ಅದು ಉಳಿಯುತ್ತೆ. ಜೂನ್‌ನಲ್ಲಿ ನಮ್ಮವರು ಬಂದು ಅಳತೆ ಮಾಡಿ ಬರ್ಕೋತಾರೆ.”

“ಜೂನಲ್ಲಿ ಇಲ್ಲಿ ಎಂತ ಇರ್ತದೆ ಸಾಯ್ಬರೆ? ಬರೀ ಹೊಯ್ಗೆ.”

“ಅದಕ್ಕೇ ಜೂನ್. ಸೀಸನ್ನಿಗೆ ಬಂದು ಹೋಗೋರು ಆಗ ಇರಲ್ಲ. ಯಾರದ್ದು ಕಾಯಂ ಆಗಿ ನಿಂತಿರುತ್ತೋ ಅವರೇ ನಿಜವಾದವರು.”

“ಈಗ್ಲೇ ಬರ್ಕಣಿ ಹಂಗಾರೆ. ಕಣ್ಣೆದುರಿಗೇ ಅದೆಯಲ್ಲ.”

ಹಾಗೆ ಬರೆಯಲು ಬರುವುದಿಲ್ಲ ಅಂತ ಅವರು ಬೇಸರದಿಂದಲೇ ಹೇಳಿದರು. ನಾನು ನಡುವೆ ಬಾಯಿ ಹಾಕಿ, ಮಳೆಗಾಲಕ್ಕೆ ಚಪ್ಪರ ಬಿಚ್ಚುವುದು ಇಲ್ಲಿಯ ಪದ್ಧತಿ, ನಿಂತಿದ್ದರೆ ಗಾಳಿ ಉಳಿಸುವುದಿಲ್ಲ ಅಂದೆ. ಅವರು ತಲೆಯಾಡಿಸಿ, “ಗಟ್ಟಿ ಇದ್ದರೆ ನಿಲ್ಲುತ್ತೆ ಮೇಡಂ,” ಅಂದು, ಚಪ್ಪಲಿಯ ಹೊಯ್ಗೆ ಕೊಡವಿ ಹೋದರು. ಮಳೆಗಾಲದಲ್ಲಿ ಈ ದಂಡೆಯ ಮೇಲೆ ಕಾಯಂ ಆಗಿ ಏನು ನಿಲ್ಲುತ್ತದೆ? ದಂಡೆಯೇ ನಿಲ್ಲುವುದಿಲ್ಲ. ಹುಚ್ಚನೊಬ್ಬ ಮಾತ್ರ ಆ ದಿನಗಳಲ್ಲಿ ಅಲ್ಲಿ ಏನಾದರೂ ನಿಲ್ಲಿಸಿಯಾನು. ಹಾಗೆ ನಿಲ್ಲಿಸಿದ ಹುಚ್ಚನೇ ನಿಜವಾದವನು, ಬಿಚ್ಚಿಡುವ ಬುದ್ಧಿಯಿದ್ದವರು ಸುಳ್ಳರು ಅಂತಾಯಿತು.

ನನ್ನ ತಮ್ಮ ಕಾರವಾರದ ಬಂದರಿನಿಂದ ಟ್ರಾಲರ್ ಬೋಟಿಗೆ ಹೋಗುವವನು. ಮಳೆಗಾಲಕ್ಕೆ ಮೀನುಗಾರಿಕೆ ನಿಂತ ಮೇಲೆ ಹೆಗಲ ಮೇಲೆ ದೊಡ್ಡದೊಂದು ನೈಲಾನ್ ಹಗ್ಗದ ಸುರುಳಿ ಹೊತ್ತು ಮನೆಗೆ ಬಂದ. ಬೋಟಿನಲ್ಲಿ ಬಲೆ ಎಳೆಯುವ ಹಗ್ಗ. ಈ ಸಲ ಚಪ್ಪರ ಬಿಚ್ಚುವುದು ಬೇಡ, ಜೂನ್ ದಾಟುವವರೆಗೆ ನಾನು ನಿಲ್ಲಿಸುತ್ತೇನೆ ಅಂದ.

“ಮೀನು ತುಂಬಿದ ಬಲೇನೇ ಎಳೀತದೆ ಇದು,” ಅಂದ ಹಗ್ಗವನ್ನು ಮೊಣಕಾಲಿಗೆ ಕೊಟ್ಟು ಎಳೆದು ತೋರಿಸುತ್ತ. “ಸಮುದ್ರದ ಕೂಡೆ ಜಗ್ಗಾಡ್ತದೆ. ಈ ಚಪ್ಪರ ಯಾವ ಲೆಕ್ಕ ಆಯಿ?”

“ಬಲೆಗೆ ಕಣ್ಣಿರ್ತದೆ. ನೀರು ತೂರಿ ಹೋತದೆ,” ಅಂದಳು ಆಯಿ. “ನೀ ಎಲ್ಲಾ ಬದಿಗೂ ಮುಚ್ಚಿದ್ರೆ ಗಾಳಿ ಎಲ್ಲಿಂದ ತೂರ್ತದೆ?”

ಅವನು ಕೇಳಲಿಲ್ಲ. ಮೀನುಗಾರರ ಮನೆಯಲ್ಲಿ ಹುಟ್ಟಿದವರು ಮಾತ್ರ ಮಾಡಬಹುದಾದ ತಪ್ಪು ಅದು. ಬಲೆಯ ಹಗ್ಗವೆಂದರೆ ನಮ್ಮವರಿಗೆ ದೇವರ ಮೇಲಿನಷ್ಟು ನಂಬಿಕೆ. ಸಮುದ್ರದಲ್ಲಿ ಜೀವವನ್ನೇ ಅದಕ್ಕೆ ಕೊಟ್ಟು ಕೂತವರಿಗೆ ದಂಡೆಯ ಮೇಲೆ ಅದನ್ನು ಅನುಮಾನಿಸುವುದು ಸಾಧ್ಯವಿಲ್ಲ. ತಮ್ಮ ನಾಲ್ಕೂ ಮೂಲೆಗೆ ನೈಲಾನ್ ಬಿಗಿದ. ನೈರುತ್ಯದ ಹಳೇ ಹಗ್ಗವನ್ನು ಬಿಚ್ಚಿ ಎಸೆದ. ತಟ್ಟಿಗಳ ಕೆಳಗನ್ನೂ ಕಟ್ಟಿದ, ಮೇಲಿಂದ ತಾಡಪಾಲು ಸುತ್ತಿದ, ಕಂಬದ ಬುಡಕ್ಕೆ ಹೊಯ್ಗೆಚೀಲ ಪೇರಿಸಿದ. ಅಕ್ಕಪಕ್ಕದ ಹೆಂಗಸರು ತಮ್ಮ ತಮ್ಮ ಚಪ್ಪರ ಬಿಚ್ಚಿ ಹೊತ್ತುಕೊಂಡು ಹೋಗುವಾಗ ಅವನನ್ನು ನೋಡಿ ನಕ್ಕರು. ಆಮೇಲೆ ನಗು ನಿಲ್ಲಿಸಿ, ಇವನದೇ ಸರಿಯೋ ಏನೋ ಅಂತ ನಿಂತು ನೋಡಿದರು. ಅವರ ಜಾಗವೂ ಹೋಗುವುದಿತ್ತಲ್ಲ.

ಶಾಲೆ ಶುರುವಾಗಿದ್ದರೂ ಜೂನ್‌ನ ಒಂದು ಭಾನುವಾರ ನಾನು ಕಾರವಾರದ ಹತ್ತಿರದ ಶಿರವಾಡದ ನಮ್ಮ ಮನೆಯಿಂದ ಬೆಳಿಗ್ಗೆಯ ಬಸ್ಸಿಗೆ ಹೊರಟು ಆಯಿಯ ಮನೆಗೆ ಬಂದಿದ್ದೆ. ಚಾ ಕುಡಿಯುವಾಗ ಗಾಳಿ ಎದ್ದಿತು. ಆಯಿ, ತಮ್ಮ, ನಾನು ಜಗಲಿಗೆ ಬಂದು ನಿಂತೆವು. ಚಪ್ಪರ ಅಲ್ಲಾಡಲಿಲ್ಲ. ನನ್ನ ಜೀವಮಾನದಲ್ಲಿ ಮೊದಲ ಸಲ ಅದು ಗಾಳಿಗೆ ಅಲ್ಲಾಡದೆ ನಿಂತದ್ದನ್ನು ನೋಡಿದೆ. ತಮ್ಮ ನನ್ನ ಮುಖ ನೋಡಿ ನಕ್ಕ. ಮಾಡು ಏಳಲಿಲ್ಲ, ತಟ್ಟಿ ಬಾಗಲಿಲ್ಲ. ಒಳಗೆ ಹೊಕ್ಕ ಗಾಳಿ ಒಳಗೇ ತುಂಬಿಕೊಂಡು ತಾಡಪಾಲು ಉಬ್ಬಿತು. ಕಂಬಗಳು ಕಿರ್ರೆಂದವು. ಆಮೇಲೆ ಇಡೀ ಚಪ್ಪರ, ಕಂಬ ಸಮೇತ, ಗಂಟು ಒಂದೂ ಸಡಿಲದೆ, ಹೊಯ್ಗೆಯಿಂದ ಎದ್ದು ಬುಟ್ಟಿ ಮಗುಚಿದ ಹಾಗೆ ಉರುಳಿ ಉರುಳಿ ಹಿಂದಿನ ಗಾಳಿಮರದ ತೋಪಿನೊಳಗೆ ಹೋಗಿ ತಲೆಕೆಳಗಾಗಿ ಸಿಕ್ಕಿಕೊಂಡಿತು. ಹಗ್ಗ ಮಾತ್ರ ಹರಿದಿರಲಿಲ್ಲ.

ಆ ವಾರವೇ ಅಳತೆಯವರು ಬಂದರಂತೆ. ತಮ್ಮ ಅವರನ್ನು ತೋಪಿನ ಬಳಿಗೆ ಕರೆದುಕೊಂಡು ಹೋಗಿ, ಇದೇ ನಮ್ಮ ಚಪ್ಪರ, ಅಲ್ಲಿ ನಿಂತಿತ್ತು, ಗಾಳಿ ಇಲ್ಲಿ ತಂದು ಹಾಕಿದೆ ಅಂತ ತೋರಿಸಿದ. ಬಂದವರು ನೋಡಿದರು. ತೋಪು ಬೇರೆ ಇಲಾಖೆಯ ಜಾಗ, ಅಲ್ಲಿ ಚಪ್ಪರ ಇಟ್ಟದ್ದು ತಪ್ಪು, ಬೇಗ ತೆಗೆಯಿರಿ ಅಂದರು. ದಂಡೆಯ ಕಡೆ ತಿರುಗಿ ಖಾಲಿ ಅಂತ ಬರೆದುಕೊಂಡರು. ನಮ್ಮದಷ್ಟೇ ಅಲ್ಲ, ಸಾಲಿಗೆ ಸಾಲೇ ಖಾಲಿ. ಕಟ್ಟಿದ ಜಾಗದಲ್ಲಿ ನಮ್ಮ ಚಪ್ಪರ ಇಲ್ಲವಂತೆ, ಹಾರಿ ಬಿದ್ದ ಜಾಗದಲ್ಲಿ ಒತ್ತುವರಿಯಂತೆ. ಫೋನಿನಲ್ಲಿ ತಮ್ಮ ಇದನ್ನು ಹೇಳಿದಾಗ ನಾನು ಸ್ಟಾಫ್ ರೂಮಿನಲ್ಲಿದ್ದೆ. ಅಲ್ಲಿ ನನ್ನ ಬಾಯಿಂದ ಬಂದ ಮಾತನ್ನು ಯಾವ ಅಕ್ಕೋರೂ ಶಾಲೆಯಲ್ಲಿ ಆಡಬಾರದು.

ತಮ್ಮ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಆಯಿ ಅವನಿಗೆ ಬೈಯಲಿಲ್ಲ. ತೋಪಿನಿಂದ ಬಿಡಿಸಿ ತಂದ ನೈಲಾನ್ ಹಗ್ಗವನ್ನು ಹಿತ್ತಲಲ್ಲಿ ಎರಡು ಮರಕ್ಕೆ ಕಟ್ಟಿ, “ಬಟ್ಟೆ ಒಣಗ್ಸೂಕೆ ಚಲೋ ಆಯ್ತು,” ಅಂದಳಂತೆ.

ಹುಣ್ಣಿಮೆಯ ದಿನ ಎಂದಿನಂತೆ ಕಾಯಿ ಕೊಟ್ಟು, ದೋಣಿ ಇಳಿಸಿ, ಹೆಂಗಸರು ಕಂಬ ಹೊತ್ತು ಬಂದರೆ ದಂಡೆಯ ಉದ್ದಕ್ಕೂ ಪ್ಲಾಸ್ಟಿಕ್ ಪಟ್ಟಿ ಎಳೆದಿತ್ತು. ಕಾವಲಿಗೆ ನಿಂತವನು ಪಕ್ಕದ ಊರಿನವನೇ. ತಲೆ ಎತ್ತದೆ, ಖಾಲಿ ಅಂತ ಬರೆದ ಜಾಗಕ್ಕೆ ಯಾರನ್ನೂ ಬಿಡಬಾರದಂತೆ ಅಂದ. ಹೆಗಲ ಮೇಲಿನ ಕಂಬವನ್ನು ಇಳಿಸದೆ ಆಯಿ ಬಹಳ ಹೊತ್ತು ಅಲ್ಲೇ ನಿಂತಿದ್ದಳು. ಆಮೇಲೆ ಅದನ್ನು ಹೊತ್ತೇ ಮನೆಗೆ ಮರಳಿದಳು.

ಅವತ್ತಿನಿಂದ ಮೀನು ಒಣಗಿಸುವುದು ಮನೆಯಂಗಳದಲ್ಲಿ. ಮನೆಯಂಗಳಕ್ಕೆ ಸಮುದ್ರದ ಗಾಳಿ ಬರುವುದಿಲ್ಲ. ಗಾಳಿಯಿಲ್ಲದ ಬಿಸಿಲು ಮೀನನ್ನು ಬೇಯಿಸುತ್ತದೆಯೇ ಹೊರತು ಒಣಗಿಸುವುದಿಲ್ಲ. ಬಂಗಡೆ ಮೇಲೆ ಗರಿಗರಿ, ಒಳಗೆ ಮೆತ್ತಗೆ. ಒಂದು ರಾಶಿ ಮೀನು ಹುಳ ಬಿದ್ದು ತೆಂಗಿನ ಬುಡಕ್ಕೆ ಹೋಯಿತು. ಅಂಕೋಲೆ ಪೇಟೆಯಲ್ಲಿ ಆಯಿಯ ಖಾಯಂ ಗಿರಾಕಿಗಳು, ಏನಮ್ಮ ಈ ಸಲ ನಿನ್ನ ಮೀನು ಹೀಗೆ ಅಂದರು. ಅದು ಆಯಿಗೆ ತಾಗಿತು. ಜಾಗ ಹೋದದ್ದಕ್ಕೆ ಅಳದವಳು ಆ ದಿನ ಬುಟ್ಟಿ ಇಳಿಸಿ ಅತ್ತಳು. ಕದ್ರಾದ ವಿದ್ಯುತ್ ಕೇಂದ್ರದಲ್ಲಿ ಕೆಲಸದಲ್ಲಿರುವ ನನ್ನ ಯಜಮಾನರು, ನಿನ್ನ ಆಯಿ ಈ ವಯಸ್ಸಿನಲ್ಲಿ ಇನ್ನೂ ಯಾಕೆ ಕಷ್ಟಪಡಬೇಕು, ನಮ್ಮ ಮನೆಗೆ ಬಂದಿರಲಿ ಅಂದರು. ಒಳ್ಳೆಯ ಮಾತೇ. ಆದರೆ ಆಯಿಗೆ ಬೇಕಾದದ್ದು ಅವಳ ಜಾಗ, ನಮ್ಮ ಶಿರವಾಡದ ಮನೆಯ ಕೋಣೆಯಲ್ಲ. ಅದನ್ನು ಅವರಿಗೆ ಸ್ವಲ್ಪ ಜೋರಾಗಿಯೇ ಹೇಳಿದೆ.

ಇಷ್ಟೆಲ್ಲ ಆದ ಮೇಲೆ ದೀಪಾವಳಿಗೆ ಬಂದು ನೋಡಿದ್ದು ಆ ಬೋರ್ಡನ್ನು. ಗಾಳಿ ಬಂದಾಗ ತೂರಿಕೋ ಅಂತಾರಲ್ಲ, ಇವರು ನಮ್ಮ ಗಾಳಿಯಲ್ಲಿ ನಮ್ಮನ್ನೇ ತೂರಿದ್ದರು. ನಾನು ಒಳಗೆ ಹೋದೆ. ಬಿಳಿ ನೂಲಿನ ಅಂಗಿ ತೊಟ್ಟ ಒಬ್ಬ ತರುಣ ನಗುನಗುತ್ತ ಬಂದು ಒಂದು ಕರಪತ್ರ ಕೊಟ್ಟ. ಅದರ ಮೇಲೊಂದು ಫೋಟೊ. ಮಡಲ ಚಪ್ಪರ, ಒಣಗುತ್ತಿರುವ ಮೀನು, ಬೆನ್ನು ತಿರುಗಿಸಿ ಬಗ್ಗಿ ನಿಂತ ಒಬ್ಬ ಮುದುಕಿ. ಆ ಬೆನ್ನು ನನಗೆ ಗೊತ್ತಿಲ್ಲವೇ? ನಾನು ಅದರ ಮೇಲೆ ಕೂತು ಬೆಳೆದವಳು. ಕೆಳಗೆ ಬರೆದಿತ್ತು: ‘ನಮ್ಮ ಪ್ರೇರಣೆ, ಕರಾವಳಿಯ ಅನಾಮಿಕ ಜಾಣ್ಮೆ.’

“ಯಾರದು ಈ ಫೋಟೊ?” ಅಂದೆ.

“ಇಲ್ಲಿಯ ಹಳೇ ಪರಂಪರೆ ಮೇಡಂ,” ಅಂದ ಅವನು. “ಪಾಪ, ಈಗ ಎಲ್ಲ ಹೋಗಿಬಿಟ್ಟಿದೆ. ನಾವು ಉಳಿಸೋ ಪ್ರಯತ್ನ ಮಾಡ್ತಾ ಇದ್ದೀವಿ.”

“ಹೋಗಿಲ್ಲ. ಆ ತೆಂಗಿನ ಮರದ ಹಿಂದೆ, ಅಂಗಳದಲ್ಲಿ, ಕಾಗೆ ಓಡಿಸುತ್ತ ಕೂತಿದೆ. ಬೇಕಾದರೆ ಕರೆದುಕೊಂಡು ಹೋಗಿ ತೋರಿಸುತ್ತೇನೆ.”

ಅವನಿಗೆ ಅರ್ಥವಾಗಲಿಲ್ಲ. ಬಹಳ ಚೆನ್ನಾಗಿರುತ್ತೆ ಮೇಡಂ, ನಮ್ಮ ಅತಿಥಿಗಳೂ ನೋಡ್ತಾರೆ ಅಂದ. ಜಾಣ್ಮೆ ನಮ್ಮದು, ಜಾಗ ಅವರದು. ನಾನು ಕರಪತ್ರವನ್ನು ಮಡಚಿ ಪರ್ಸಿಗೆ ಹಾಕಿಕೊಂಡು ಹೊರಬಂದೆ.

ರಜೆ ಮುಗಿದ ವಾರವೇ ಕಾರವಾರದಲ್ಲಿ ದಂಡೆ ಅಭಿವೃದ್ಧಿಯ ಕಚೇರಿಗೆ ಹೋದೆ. ಅದೇ ಮರ್ಯಾದಸ್ಥ ಅಧಿಕಾರಿ. ಕುರ್ಚಿ ಕೊಟ್ಟರು, ಚಾ ತರಿಸಿದರು. ದಂಡೆಯ ಮೇಲೆ ಆ ರೆಸಾರ್ಟಿನವರಿಗೆ ಹೇಗೆ ಪರವಾನಗಿ ಸಿಕ್ಕಿತು ಅಂತ ಕೇಳಿದೆ.

“ಅದು ತಾತ್ಕಾಲಿಕ ರಚನೆ ಮೇಡಂ. ಸಿಮೆಂಟ್ ಇಲ್ಲ, ಮೊಳೆ ಇಲ್ಲ. ಬೇಕಾದಾಗ ಬಿಚ್ಚಬಹುದು. ಪರಿಸರಕ್ಕೂ ಒಳ್ಳೇದು. ಅಂಥದ್ದಕ್ಕೆ ಅವಕಾಶ ಇದೆ.”

“ನಮ್ಮ ಆಯಿಯದೂ ಬಿಚ್ಚುವಂಥದ್ದೇ.”

“ಅವರು ಬಿಚ್ಚಿಬಿಡ್ತಾರಲ್ಲ, ಅದೇ ತೊಂದರೆ,” ಅಂದರು ಅವರು. “ಇವರು ಬಿಚ್ಚಬಹುದು ಅಂತ ಮೊದಲೇ ನಕ್ಷೆ ಕೊಟ್ಟು, ಅನುಮತಿ ತಗೊಂಡು ಕಟ್ಟಿದ್ದಾರೆ.”

ಚಾ ಕೆಳಗಿಟ್ಟು ಅವರ ಮುಖ ನೋಡಿದೆ. ಅವರು ತಮಾಷೆ ಮಾಡುತ್ತಿರಲಿಲ್ಲ. ಅವರ ಕಣ್ಣಿಗೆ ಎರಡೂ ನಿಜವಾಗಿ ಬೇರೆ ಬೇರೆಯಾಗಿ ಕಾಣುತ್ತಿದ್ದವು. ನಾನು ಏಳುವಾಗ, ಪಟ್ಟಿಯಲ್ಲಿ ಬಿಟ್ಟುಹೋದವರಿಗಾಗಿ ಬರುವ ಜೂನ್‌ನಲ್ಲಿ ಇನ್ನೊಂದು ಸಲ ಅಳತೆಗೆ ಬರುತ್ತಾರೆ, ಅದೇ ಕೊನೆ, ಅಷ್ಟರೊಳಗೆ ಕಬ್ಬಿಣದ ಪೈಪು, ಶೀಟು ಏನಾದರೂ ನಿಲ್ಲಿಸಿ, ಅಷ್ಟಕ್ಕೆ ಕಾವಲಿನವನಿಗೆ ನಾನು ಹೇಳಿರುತ್ತೇನೆ ಅಂದರು. “ಸ್ಥಳದಲ್ಲಿ ಏನಿದ್ಯೋ ಅದನ್ನ ಬರೀಲೇಬೇಕು. ಅಷ್ಟು ಗ್ಯಾರಂಟಿ ಕೊಡ್ತೀನಿ.”

ಈ ವರ್ಷ ಮೇ ತಿಂಗಳಲ್ಲಿ ಮನೆಯಲ್ಲಿ ದಿನವೂ ಜಗಳ. ತಮ್ಮ ಪೈಪು ನೋಡಿಟ್ಟು ಬಂದಿದ್ದ. ಬುಡಕ್ಕೆ ಕಾಂಕ್ರೀಟ್ ಹಾಕಿದರೆ ಯಾವ ಗಾಳಿ ಬಂದರೂ ಅಲ್ಲಾಡುವುದಿಲ್ಲ ಅನ್ನುತ್ತಿದ್ದ. ನಾನೂ ಅವನ ಕಡೆಗೇ ವಾಲಿದ್ದೆ. ಒಂದು ಮಳೆಗಾಲ ಶೀಟು ನಿಂತು ಜಾಗ ಉಳಿದರೆ ಸಾಕು, ಆಮೇಲೆ ಕಿತ್ತು ನಿನ್ನ ಮಡಲು ಕಟ್ಟಿಕೋ, ಹಟ ಮಾಡಬೇಡ ಅಂತ ಆಯಿಗೆ ಹೇಳಿದೆ.

ಆಯಿ ಶೆಟ್ಲಿ ಆರಿಸುತ್ತ ಕೂತಿದ್ದಳು. ತಲೆ ಎತ್ತಲಿಲ್ಲ.

“ಶೀಟು ಹಾರಿದ್ರೆ ಯಾರದಾದ್ರೂ ಕುತ್ಗೆ ಹೋತದೆ,” ಅಂದಳು. “ಮಳೆಗಾಲದಲ್ಲಿ ನಾವು ದೋಣಿ ಇಳ್ಸೂದಿಲ್ಲ. ಹಂಗಂತ ಸಮುದ್ರ ನಮ್ದಲ್ಲ ಅಂತ ಬರೀತಾರನಾ? ಬರಿಯೂಕೆ ಬಂದ್ರೆ ನೀವು ಸುಮ್ನೆ ಇರ್ತ್ರನಾ?”

ಆಯಿ ನನ್ನ ಕಡೆ ತಿರುಗಿದಳು.

“ಏನದೆಯೋ ಅದ್ನ ಬರೀತೆ ಅಂದ್ರಂತಲ್ಲೇ ನಿನ್ನ ಸಾಯ್ಬ್ರು?”

“ಹೌದು.”

“ಹಂಗಾರೆ ನಾವೇ ಇರ್ವ.”

ಅಳತೆಯ ದಿನ ಯಾವತ್ತು ಅಂತ ತಿಳಿದುಕೊಂಡು ನಾನು ರಜೆ ಹಾಕಿದೆ. ಬೆಳಿಗ್ಗೆಯಿಂದಲೇ ಮಳೆ. ಆಯಿ, ತಮ್ಮ, ತಮ್ಮನ ಹೆಂಡತಿ, ನಾನು, ನಾಲ್ವರೂ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ದಂಡೆಗೆ ಇಳಿದೆವು. ಕಾವಲಿನವನು ಈ ಸಲ ಪಟ್ಟಿ ಎತ್ತಿ ಒಳಗೆ ಬಿಟ್ಟ. ಸಾಲಿನ ಉಳಿದ ಹೆಂಗಸರೂ ಬಂದಿದ್ದರು. ಆಯಿ ಯಾರನ್ನೂ ಕರೆದಿರಲಿಲ್ಲ. ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಒಂದು ಮಾತು ಹೇಳಿದ್ದಳಂತೆ, ಅಷ್ಟೆ. ಹೊಯ್ಗೆ ಎಲ್ಲ ಬದಲಾಗಿತ್ತು. ಮಳೆಯಲ್ಲಿ ಗುಡ್ಡದ ಬಂಡೆ ಕಂಡೂ ಕಾಣದ ಹಾಗಿತ್ತು. ಆಯಿ ಕಣ್ಣು ಕಿರಿದು ಮಾಡಿ ತೆಂಗಿನ ಮರವನ್ನು ಬಂಡೆಗೆ ನೇರ ಮಾಡಿದಳು. ಆಮೇಲೆ ಆಚೆ ತಿರುಗಿ ರಾಟೆಯ ಕಂಬವನ್ನು ನೇರ ಮಾಡಿದಳು. ಒಂದು ಹೆಜ್ಜೆ ಎಡಕ್ಕೆ ಸರಿದು, ಇಲ್ಲಿ ಅಂದಳು. ಅಲ್ಲಿಂದ ಒಬ್ಬೊಬ್ಬರನ್ನು ಒಂದೊಂದು ಮೂಲೆಗೆ ಕಳಿಸಿದಳು.

ನೈರುತ್ಯದ ಮೂಲೆಗೆ ನಾನು ಹೋಗುತ್ತೇನೆ, ಅಲ್ಲಿ ಗಾಳಿ ಜೋರು ಅಂದೆ.

“ಅದು ಹಳೇ ಹಗ್ಗದ ಮೂಲೆ,” ಅಂದಳು ಆಯಿ. “ಅದು ನಂದು.”

ಹೋಗಿ ಸಮುದ್ರಕ್ಕೆ ಮುಖಮಾಡಿ ಕೂತಳು. ಸಾಲಿನ ಉದ್ದಕ್ಕೂ ಒಂದೊಂದು ಚಪ್ಪರದ ಜಾಗದಲ್ಲಿ ಇಬ್ಬರು, ಮೂವರು ಹಾಗೇ ಕೂತರು. ದಂಡೆಯ ತುದಿಯಲ್ಲಿ ಆ ಬೋರ್ಡು ನೆನೆಯುತ್ತ ನಿಂತಿತ್ತು. ಅದರ ಹಿಂದೆ ಏನೂ ಇರಲಿಲ್ಲ. ಗುಡಿಸಲುಗಳನ್ನು ಅವರೂ ಮಳೆಗಾಲಕ್ಕೆ ಬಿಚ್ಚಿ ಎಲ್ಲೋ ಇಟ್ಟಿದ್ದರು. ಅಲ್ಲೂ ಬರೀ ಹೊಯ್ಗೆ.

ಮಧ್ಯಾಹ್ನದ ಹೊತ್ತಿಗೆ ಜೀಪು ಬಂತು. ರೇನ್‌ಕೋಟು ತೊಟ್ಟ ಒಬ್ಬ ಹುಡುಗ ಇಳಿದ. ಹೊಸದಾಗಿ ಕೆಲಸಕ್ಕೆ ಸೇರಿದವನಿರಬೇಕು. ಮೊಬೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡಿದ್ದ. ಬೋರ್ಡಿನ ಮುಂದಿನಿಂದಲೇ ನಡೆದು ಬಂದ. ಅಲ್ಲಿಯ ಖಾಲಿ ಹೊಯ್ಗೆಯ ಕಡೆ ತಿರುಗಿಯೂ ನೋಡಲಿಲ್ಲ, ಏನೂ ಬರೆದುಕೊಳ್ಳಲಿಲ್ಲ. ಅದರದ್ದು ಆಗಲೇ ಬರೆದಾಗಿತ್ತಲ್ಲ. ನೇರ ನಮ್ಮ ಬಳಿಗೆ ಬಂದು, ಸಾಲಿಗೆ ಕೂತವರನ್ನೆಲ್ಲ ಒಮ್ಮೆ ನೋಡಿ, ಕೊನೆಗೆ ಆಯಿಯ ಎದುರು ನಿಂತ.

“ಇಲ್ಲಿ ಏನಿದೆ ಅಜ್ಜಿ?”

“ಎಂತ ಕಾಣ್ತದೋ ಅದೇ. ನಾಲ್ಕು ಮೂಲೆಗೆ ನಾಲ್ಕು ಕಂಬ. ಬರ್ಕ.”

ಅವನು ಮೊಬೈಲಿನ ಮೇಲಿನ ನೀರು ಒರೆಸಿ ಬೆರಳಾಡಿಸಿದ. ಮೇಲೆ ಕೆಳಗೆ ಸರಿಸಿ ನೋಡಿದ. ಗಾಳಿ ಬಂದು ಆಯಿಯ ಕೊಪ್ಪೆಯನ್ನು ತಲೆಯಿಂದ ಹಾರಿಸಿತು. ಅವಳು ಅದನ್ನು ಹಿಡಿಯಲು ಹೋಗಲಿಲ್ಲ. ಬಿಳಿ ಕೂದಲೆಲ್ಲ ತೊಯ್ದು ಮುಖಕ್ಕೆ ಅಂಟಿತು.

“ಅಜ್ಜಿ,” ಅಂದ ಆ ಹುಡುಗ, ನಿಜಕ್ಕೂ ಸಂಕಟದಿಂದ. “ಇದರಲ್ಲಿ ಮನುಷ್ಯರನ್ನ ಬರಿಯೋಕೆ ಕಾಲಮ್ಮೇ ಇಲ್ಲ.”

“ಹಂಗಾರೆ ಹೋಗಿ ಕಾಲಮ್ ತಕಂಡು ಬಾ ಮಗಾ,” ಅಂದಳು ಆಯಿ. “ಅಲ್ಲೀ ತನ್ಕ ನಾ ಇಲ್ಲೇ ಕೂತಿರ್ತೆ.”

ಅವನು ಜೀಪಿನ ಕಡೆ ನೋಡಿದ, ನಮ್ಮ ಕಡೆ ನೋಡಿದ. ನಾವು ಯಾರೂ ಏಳಲಿಲ್ಲ.